ಫೋನಿನಿಂದ ಫೋನಿಗೆ: ಒಂದು ಫೋಟೊ ದಾಟುವ ದಾರಿಯ ಚರಿತ್ರೆ

1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಮಗಳ ಜನನಕ್ಕಾಗಿ ಕಾಯುತ್ತ ಕುಳಿತಿದ್ದರು. ಅವರ ಬಳಿ ಕ್ಯಾಸಿಯೊ ಡಿಜಿಟಲ್ ಕ್ಯಾಮೆರಾ, ಮೋಟೊರೋಲಾ ಸ್ಟಾರ್‌ಟ್ಯಾಕ್ ಫೋನು ಮತ್ತು ತೋಷಿಬಾ ಲ್ಯಾಪ್‌ಟಾಪು ಇದ್ದವು. ಮೂರೂ ಬೇರೆ ಬೇರೆ ಕಂಪನಿಯವು, ಒಂದರ ಜೊತೆ ಇನ್ನೊಂದು ಕೆಲಸ ಮಾಡಲೆಂದು ತಯಾರಾದವಲ್ಲ. ಕಾನ್ ಅವುಗಳ ನಡುವೆ ತಂತಿ ಬೆಸೆದರು, ಲ್ಯಾಪ್‌ಟಾಪಿನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದರು. ಮಗು ಹುಟ್ಟಿ ಸ್ವಲ್ಪ ಹೊತ್ತಿಗೇ ಅದರ ಚಿತ್ರ ಎರಡು ಸಾವಿರಕ್ಕೂ ಹೆಚ್ಚು ಬಂಧುಮಿತ್ರರಿಗೆ ಇಂಟರ್ನೆಟ್ ಮೂಲಕ ತಲುಪಿತು. ಮೊಬೈಲ್ ಫೋನಿನ ಮೂಲಕ ಆಗಿಂದಾಗಲೇ ಹಂಚಿದ ಮೊದಲ ಫೋಟೊ ಎಂದು ಇದನ್ನೇ ಸಾಮಾನ್ಯವಾಗಿ ಹೆಸರಿಸುತ್ತಾರೆ.

ಅಂದರೆ ಫೋನಿನ ಫೋಟೊ ತನ್ನ ಮೊದಲ ದಿನವೇ ಮೂರು ಕಂಪನಿಗಳ ಗಡಿ ದಾಟಿತ್ತು. ಅದಾಗಿ ಇಪ್ಪತ್ತೈದು ವರ್ಷ ಕಳೆದ ಮೇಲೂ ಪರಿಸ್ಥಿತಿ ಹೇಗಿತ್ತು ನೋಡಿ. ಒಂದೇ ಸೋಫಾದ ಮೇಲೆ ಕುಳಿತ ಅಕ್ಕನ ಕೈಯಲ್ಲಿ ಆಂಡ್ರಾಯ್ಡ್, ತಮ್ಮನ ಕೈಯಲ್ಲಿ ಐಫೋನ್. ನಡುವೆ ಒಂದು ಗೇಣು ಜಾಗ. ಗೃಹಪ್ರವೇಶದ ಇನ್ನೂರು ಫೋಟೊ ಆ ಗೇಣು ದಾಟಬೇಕಾದರೆ ಎಲ್ಲೋ ದೂರದ ಡೇಟಾ ಸೆಂಟರಿಗೆ ಹೋಗಿ ಮರಳಿ ಬರಬೇಕಿತ್ತು. ಕೊನೆಗೆ ಯಾರಾದರೂ ‘ಇರಲಿ ಬಿಡು, ವಾಟ್ಸಾಪ್ ಮಾಡು’ ಎನ್ನುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಯಾಕೆ ಹೀಗೆ ಎಂದು ಕೇಳಿದರೆ ‘ಎರಡರ ಆಪರೇಟಿಂಗ್ ಸಿಸ್ಟಂ ಬೇರೆ, ಅದಕ್ಕೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಅರ್ಧ ಮಾತ್ರ ನಿಜ. ಫೋಟೊ ಯಾವ ಭಾಷೆಯಲ್ಲಿ ಬರೆಯಲ್ಪಡುತ್ತದೋ ಆ ಭಾಷೆ ಎಲ್ಲ ಫೋನುಗಳಿಗೂ ಮೊದಲಿನಿಂದಲೂ ಒಂದೇ ಆಗಿತ್ತು. ದಾಟಲು ದಾರಿಗಳೂ ಇದ್ದವು. ಆ ದಾರಿಗಳನ್ನು ಕಟ್ಟಿದ್ದು, ಮುಚ್ಚಿದ್ದು, ಮತ್ತೆ ತೆರೆದದ್ದು ಮನುಷ್ಯರ ತೀರ್ಮಾನಗಳು. ಈ ಚರಿತ್ರೆ ತಿಳಿದಿದ್ದರೆ ನಮ್ಮ ಮನೆಯ ಫೋಟೊಗಳಿಗೆ ಏನಾಗುತ್ತಿದೆ ಎಂಬುದೂ ಸ್ಪಷ್ಟವಾಗುತ್ತದೆ.

ಫೋನಿಗಿಂತ ಮೊದಲೇ ಇದ್ದ ಭಾಷೆ

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್, ಇಂದು ಯುವಿಸಿಇ ಎಂದು ಕರೆಯುವ ಕೆ. ಆರ್. ಸರ್ಕಲ್ ಬಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಚಿತ್ರದ ಮಾಹಿತಿಯನ್ನು ಕುಗ್ಗಿಸಲು ಕೊಸೈನ್ ಅಲೆಗಳನ್ನು ಬಳಸುವ ವಿಚಾರವೊಂದನ್ನು ಬೆಳೆಸಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೇಳಿದರು. ವಿಚಾರ ತೀರಾ ಸರಳವಾಯಿತೆಂಬ ಅಭಿಪ್ರಾಯ ಬಂದು ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’.

ಇದರ ಒಳಗುಟ್ಟನ್ನು ಸರಳವಾಗಿ ಹೇಳುವುದಾದರೆ ಹೀಗೆ. ಚಿತ್ರವನ್ನು 8 ಅಡ್ಡ, 8 ಉದ್ದದ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಬದಲಾಗುವುದೆಷ್ಟು, ಥಟ್ಟನೆ ಬದಲಾಗುವುದೆಷ್ಟು ಎಂದು ಬೇರ್ಪಡಿಸುತ್ತಾರೆ. ನಮ್ಮ ಕಣ್ಣು ತೀರಾ ಸೂಕ್ಷ್ಮ ಬದಲಾವಣೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಅವುಗಳಲ್ಲಿ ಒಂದಷ್ಟನ್ನು ಬಿಟ್ಟುಬಿಡುತ್ತಾರೆ. ಫೈಲು ಚಿಕ್ಕದಾಗುತ್ತದೆ, ಚಿತ್ರ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಒಂದು ಸಂಗತಿಯನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಒಮ್ಮೆ ಬಿಟ್ಟದ್ದು ಮರಳಿ ಬರುವುದಿಲ್ಲ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಮತ್ತಷ್ಟು ಹೋಗುತ್ತದೆ.

1986ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಂದು ಸಮಿತಿ ಮಾಡಿಕೊಂಡರು. ಅವರು ಈ ಗಣಿತವನ್ನೇ ಆಧಾರವಾಗಿಟ್ಟುಕೊಂಡು ರೂಪಿಸಿದ ಮಾನದಂಡ 1992ರಲ್ಲಿ ಹೊರಬಂತು. ಸಮಿತಿಯ ಹೆಸರಿನ ಮೊದಲಕ್ಷರಗಳೇ ಅದರ ಹೆಸರಾದವು: ಜೆಪೆಗ್. ಮುಂದೆ 1995ರಲ್ಲಿ ಜಪಾನಿನ ಕ್ಯಾಮೆರಾ ಉದ್ಯಮ ‘ಎಕ್ಸಿಫ್’ ಎಂಬ ವ್ಯವಸ್ಥೆ ತಂದಿತು. ಫೋಟೊ ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು, ನಂತರದ ದಿನಗಳಲ್ಲಿ ತೆಗೆದ ಜಾಗ ಕೂಡ ಆ ಫೈಲಿನೊಳಗೇ ಬರೆದಿಡುವ ವ್ಯವಸ್ಥೆ ಇದು. ಹಿಂದೆ ಫೋಟೊದ ಬೆನ್ನಿಗೆ ಅಪ್ಪ ಬಾಲ್‌ಪೆನ್ನಿನಲ್ಲಿ ‘ಮಂಜುವಿನ ಜವಳ, ಮೇ 1983’ ಎಂದು ಬರೆಯುತ್ತಿದ್ದರಲ್ಲ, ಅದೇ ಕೆಲಸ. 1998ರಲ್ಲಿ ಫೋಟೊಗಳನ್ನು ಯಾವ ಫೋಲ್ಡರಿನಲ್ಲಿಡಬೇಕು ಎಂಬುದಕ್ಕೂ ಜಪಾನಿನವರೇ ನಿಯಮ ಮಾಡಿದರು. ಫೋಲ್ಡರಿನ ಹೆಸರು ಡಿಸಿಐಎಂ, ಅಂದರೆ ಡಿಜಿಟಲ್ ಕ್ಯಾಮೆರಾ ಇಮೇಜಸ್.

ನಿಮ್ಮ ಫೋನನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ ನೋಡಿ. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಕ್ಯಾಮೆರಾದ ಫೋಟೊಗಳು ಕೂತಿರುವುದು ಇದೇ ಡಿಸಿಐಎಂನಲ್ಲಿ. ಯಾವ ಎರಡು ಕಂಪನಿಗಳ ಪೈಪೋಟಿಯ ಬಗ್ಗೆ ನಾವು ಇಷ್ಟೆಲ್ಲ ಮಾತಾಡುತ್ತೇವೋ, ಆ ಎರಡೂ ಕಂಪನಿಗಳು ತಮ್ಮ ಫೋಟೊಗಳನ್ನು ಇಂದಿಗೂ 1998ರ ಒಂದೇ ಹೆಸರಿನ ಕಪಾಟಿನಲ್ಲಿ ಇಡುತ್ತವೆ.

ಎಲ್ಲರಿಗೂ ಒಂದೇ ದಾರಿ ಇದ್ದ ಕಾಲ

ಕ್ಯಾಮೆರಾ ಫೋನು ಜನಪ್ರಿಯವಾದದ್ದು ಜಪಾನಿನಲ್ಲಿ. 2000ರ ನವೆಂಬರಿನಲ್ಲಿ ಜೆ-ಫೋನ್ ಕಂಪನಿಗಾಗಿ ಶಾರ್ಪ್ ತಯಾರಿಸಿದ ಫೋನಿನ ಚಿತ್ರದಲ್ಲಿ ಇದ್ದದ್ದು ಸುಮಾರು 1.1 ಲಕ್ಷ ಪಿಕ್ಸೆಲ್. 2002ರಲ್ಲಿ ಅಂಗಡಿಗೆ ಬಂದ ನೋಕಿಯಾ 7650ರಲ್ಲಿ 640×480, ಅಂದರೆ ಸುಮಾರು 3 ಲಕ್ಷ ಪಿಕ್ಸೆಲ್. ಅದರಲ್ಲಿ ಬಳಕೆದಾರರಿಗೆ ಸಿಗುತ್ತಿದ್ದ ಜಾಗ ಸುಮಾರು 4 ಎಂಬಿ, ಮೆಮೊರಿ ಕಾರ್ಡ್ ಹಾಕುವ ವ್ಯವಸ್ಥೆಯೇ ಇರಲಿಲ್ಲ. ಹಾಗಾಗಿ ಫೋಟೊ ಹೊರಗೆ ಸಾಗಿಸುವುದು ಅನಿವಾರ್ಯವಾಗಿತ್ತು, ಅದಕ್ಕೆ ಇನ್ಫ್ರಾರೆಡ್ ಮತ್ತು ಬ್ಲೂಟೂತ್ ಎರಡನ್ನೂ ಕೊಟ್ಟಿದ್ದರು.

ಇನ್ಫ್ರಾರೆಡ್ ನೆನಪಿದೆಯೇ? ಎರಡು ಫೋನುಗಳ ಕಪ್ಪು ಕಿಂಡಿಗಳನ್ನು ಎದುರುಬದುರು ಇಟ್ಟು, ಮೇಜು ಅಲುಗಾಡದಂತೆ ಉಸಿರು ಬಿಗಿಹಿಡಿದು ಕೂರುವ ಕೆಲಸ. ಸಾಮಾನ್ಯ ಫೋನುಗಳಲ್ಲಿ ವೇಗ ಸೆಕೆಂಡಿಗೆ ಹೆಚ್ಚೆಂದರೆ 115 ಕಿಲೊಬಿಟ್. ಆದರೆ ಇನ್ಫ್ರಾರೆಡ್ ಒಕ್ಕೂಟದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ‘ನನ್ನ ಹತ್ತಿರ ಇಂಥ ಹೆಸರಿನ, ಇಷ್ಟು ದೊಡ್ಡ ವಸ್ತುವಿದೆ, ತೆಗೆದುಕೊಳ್ಳುತ್ತೀಯಾ?’ ಎಂದು ಒಂದು ಯಂತ್ರ ಇನ್ನೊಂದನ್ನು ಕೇಳುವ ಶಿಷ್ಟಾಚಾರವನ್ನು ‘ಒಬೆಕ್ಸ್’ ಎಂಬ ಹೆಸರಿನಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಕಂಪನಿಯ ಹೆಸರಿಗಾಗಲಿ ಆಪರೇಟಿಂಗ್ ಸಿಸ್ಟಂಗಾಗಲಿ ಜಾಗವಿರಲಿಲ್ಲ.

ಬ್ಲೂಟೂತ್ ಮಾಡಿದವರು ಆ ಶಿಷ್ಟಾಚಾರವನ್ನೇ ಎರವಲು ಪಡೆದರು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾದ ಈ ಕೆಲಸಕ್ಕೆ 1998ರಲ್ಲಿ ಐಬಿಎಂ, ಇಂಟೆಲ್, ನೋಕಿಯಾ, ತೋಷಿಬಾ ಸೇರಿಕೊಂಡವು. ಡೆನ್ಮಾರ್ಕಿನ ಪಂಗಡಗಳನ್ನು ಒಂದುಗೂಡಿಸಿದನೆಂದು ಹೆಸರಾದ ಹತ್ತನೇ ಶತಮಾನದ ರಾಜ ಹೆರಾಲ್ಡ್ ಬ್ಲೂಟೂತ್‌ನ ಹೆಸರು ಇಟ್ಟದ್ದೇ, ಬೇರೆ ಬೇರೆ ಉದ್ಯಮಗಳನ್ನು ಇದು ಕೂಡಿಸಬೇಕೆಂಬ ಆಸೆಯಿಂದ.

ಆ ಆಸೆ ಒಂದು ದಶಕ ಕಾಲ ನಿಜವೂ ಆಯಿತು. 2005–06ರ ಸುಮಾರಿಗೆ ಸಿಂಬಿಯನ್‌ನ ನೋಕಿಯಾದಿಂದ ತನ್ನದೇ ಸಾಫ್ಟ್‌ವೇರಿನ ಸೋನಿ ಎರಿಕ್ಸನ್‌ಗೆ, ಅಲ್ಲಿಂದ ಮೋಟೊರೋಲಾಕ್ಕೆ, ವಿಂಡೋಸ್ ಮೊಬೈಲ್‌ಗೆ ಫೋಟೊ ಸಲೀಸಾಗಿ ಹೋಗುತ್ತಿತ್ತು. ಆಗ ಇದ್ದ ಆಪರೇಟಿಂಗ್ ಸಿಸ್ಟಂಗಳು ಇಂದಿಗಿಂತ ಹೆಚ್ಚು. ಆದರೂ ‘ನಿಂದು ಯಾವ ಸಿಸ್ಟಂ’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಬ್ಲೂಟೂತ್ ಆನ್ ಮಾಡು’ ಎಂದಷ್ಟೇ ಹೇಳುತ್ತಿದ್ದರು. ಕಾಲೇಜಿನ ಕ್ಯಾಂಟೀನಿನಲ್ಲಿ, ರಾತ್ರಿ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಫೋಟೊ, ಹಾಡು, ರಿಂಗ್‌ಟೋನು ಹೀಗೇ ಹರಿದಾಡಿದವು. ದುಡ್ಡು ಬೇಕಿರಲಿಲ್ಲ, ಸಿಗ್ನಲ್ ಬೇಕಿರಲಿಲ್ಲ. ಮೊಬೈಲ್ ಕಂಪನಿಗಳ ಎಂಎಂಎಸ್ ಇತ್ತು, ಆದರೆ ಒಂದೊಂದಕ್ಕೂ ಬೇರೆ ದುಡ್ಡು, ಜೊತೆಗೆ ಸಾಮಾನ್ಯವಾಗಿ 300 ಕೆಬಿಯ ಮಿತಿ.

ಇನ್ನೊಂದು ದಾರಿ ಮೆಮೊರಿ ಕಾರ್ಡ್. ಮೊದಮೊದಲು ಇಲ್ಲೂ ಜಾತಿ ಜಾತಿಯ ಕಾರ್ಡುಗಳು: ನೋಕಿಯಾದ್ದು ಒಂದು, ಸೋನಿಯದ್ದು ಇನ್ನೊಂದು. 2004ರಲ್ಲಿ ಸ್ಯಾನ್‌ಡಿಸ್ಕ್ ತಂದ ಉಗುರಿನಷ್ಟು ಚಿಕ್ಕ ಕಾರ್ಡು ಮರುವರ್ಷ ‘ಮೈಕ್ರೊ ಎಸ್‌ಡಿ’ ಎಂಬ ಮಾನದಂಡವಾಗಿ ಬರಬರುತ್ತ ಉಳಿದವನ್ನೆಲ್ಲ ಹಿಂದಿಕ್ಕಿತು. ನಮ್ಮ ಊರುಗಳ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯವರು ಕಾರ್ಡ್ ರೀಡರ್ ಒಂದನ್ನಿಟ್ಟುಕೊಂಡು ಹಳೆಯ ಫೋನಿನದನ್ನು ಹೊಸ ಫೋನಿಗೆ ತುಂಬಿಕೊಡುವುದನ್ನೇ ಒಂದು ಕಸುಬು ಮಾಡಿಕೊಂಡರು. ಅವರಿಗೆ ಜೆಪೆಗ್ ಸಮಿತಿಯ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಡಿಸಿಐಎಂ ಫೋಲ್ಡರ್ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಬಾಗಿಲು ಮುಚ್ಚಿದ್ದು

2007ರ ಜೂನಿನಲ್ಲಿ ಐಫೋನ್ ಬಂತು. ಅದರಲ್ಲಿ ಬ್ಲೂಟೂತ್ ಇತ್ತು, ಆದರೆ ಅದು ಮಾತಾಡಲು ಬೇಕಾದ ಹೆಡ್‌ಸೆಟ್ಟಿಗೆ. ಬೇರೆ ಫೋನಿಗೆ ಫೋಟೊ ಕಳಿಸುವ ಒಬೆಕ್ಸ್ ದಾರಿ ಇರಲಿಲ್ಲ. ಮೆಮೊರಿ ಕಾರ್ಡಿಗೆ ಜಾಗವಿರಲಿಲ್ಲ. ಎಂಎಂಎಸ್ ಕೂಡ ಬಂದದ್ದು ಎರಡು ವರ್ಷದ ನಂತರ, 2009ರ ಜೂನಿನಲ್ಲಿ. ಆಂಡ್ರಾಯ್ಡ್ ಅದೇ ವರ್ಷದ ಕೊನೆಯ ಭಾಗದಲ್ಲಿ, ತನ್ನ 2.0 ಆವೃತ್ತಿಯಲ್ಲಿ, ಹಳೆಯ ಬ್ಲೂಟೂತ್ ದಾರಿಯನ್ನು ಒಪ್ಪಿಕೊಂಡಿತು. ಐಫೋನ್ ಒಪ್ಪಿಕೊಳ್ಳಲಿಲ್ಲ. ಹತ್ತು ವರ್ಷ ಎಲ್ಲರೂ ನಡೆದಾಡಿದ ದಾರಿ ಒಂದು ಕಡೆಯಿಂದ ಹೀಗೆ ಮುಚ್ಚಿತು.

ಬಾಗಿಲು ಮುಚ್ಚಲು ಕಾರಣವೇ ಇರಲಿಲ್ಲ ಎನ್ನಲಾಗದು. 2004ರಲ್ಲಿ ಕಾಣಿಸಿಕೊಂಡ ‘ಕಬೀರ್’ ಎಂಬ ಹುಳು ಬ್ಲೂಟೂತ್ ಮೂಲಕವೇ ಸಿಂಬಿಯನ್ ಫೋನಿನಿಂದ ಫೋನಿಗೆ ಹರಡಿತ್ತು. ಮರುವರ್ಷ ಬಂದ ‘ಕಾಮ್‌ವಾರಿಯರ್’ ಎಂಎಂಎಸ್ ಮೂಲಕವೂ ಹರಡಿತು. ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದಾದ ಬಾಗಿಲಿಗೆ ಕಾವಲು ಬೇಕೇ ಬೇಕು. ಆದರೆ ಕಾವಲು ಹಾಕುವುದು ಬೇರೆ, ಗೋಡೆ ಕಟ್ಟುವುದು ಬೇರೆ. 2011ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ, 2013ರಲ್ಲಿ ಐಫೋನಿನಲ್ಲಿ ‘ಏರ್‌ಡ್ರಾಪ್’ ತಂದಿತು. ಪಕ್ಕದ ಯಂತ್ರವನ್ನು ಬ್ಲೂಟೂತ್‌ನಿಂದ ಹುಡುಕಿ, ಫೋಟೊವನ್ನು ವೈಫೈ ಮೂಲಕ ನೇರವಾಗಿ ಸಾಗಿಸುವ ಸೊಗಸಾದ ವ್ಯವಸ್ಥೆ. ವೇಗ, ಭದ್ರತೆ ಎರಡೂ ಇದ್ದವು. ಆದರೆ ಅದು ಆಪಲ್ ಮನೆಯೊಳಗಿನ ಓಣಿ. ಆಂಡ್ರಾಯ್ಡ್ ಕೂಡ 2011ರಲ್ಲಿ ಎರಡು ಫೋನಿನ ಬೆನ್ನು ತಾಗಿಸಿ ಕಳಿಸುವ ‘ಬೀಮ್’ ತಂದಿತು. ಅದೂ ತನ್ನವರಿಗಷ್ಟೇ. 2019ರ ಹೊತ್ತಿಗೆ ಅದನ್ನು ಕೈಬಿಟ್ಟಿತು.

ಹೀಗೆ ಎರಡೂ ಕಡೆ ಒಳಗಿನ ಓಡಾಟ ಸಲೀಸಾದಷ್ಟೂ ನಡುವಿನ ಗಡಿ ಎದ್ದು ಕಾಣತೊಡಗಿತು.

ಬಳಸುದಾರಿಗಳು, ಮತ್ತು ಅವುಗಳ ಸುಂಕ

ದೊಡ್ಡ ದಾರಿ ಮುಚ್ಚಿದಾಗ ಜನ ಕಾಲುದಾರಿ ಮಾಡಿಕೊಳ್ಳುತ್ತಾರೆ. 2009ರಲ್ಲಿ ಬಂದ ‘ಬಂಪ್’ ಎಂಬ ಆ್ಯಪ್ ಅಂಥದ್ದು. ಎರಡು ಫೋನುಗಳನ್ನು ಮುಷ್ಟಿಗೆ ಮುಷ್ಟಿ ತಾಗಿಸಿದ ಹಾಗೆ ತಾಗಿಸಿದರೆ ಅದರ ಸರ್ವರು ಯಾವ ಎರಡು ಫೋನು ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಅಲುಗಿದವು ಎಂದು ಲೆಕ್ಕ ಹಾಕಿ ಅವನ್ನು ಜೋಡಿಸುತ್ತಿತ್ತು. ಐಫೋನ್, ಆಂಡ್ರಾಯ್ಡ್ ಎಂಬ ಭೇದವಿರಲಿಲ್ಲ. 2013ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು, 2014ರ ಜನವರಿ ಕೊನೆಗೆ ಆ್ಯಪ್ ಮುಚ್ಚಿಹೋಯಿತು.

ಭಾರತದಲ್ಲಿ ಹಳ್ಳಿಹಳ್ಳಿಗೂ ತಲುಪಿದ್ದು ಶೇರ್‌ಇಟ್, ಝೆಂಡರ್‌ನಂಥ ಆ್ಯಪ್‌ಗಳು. ಒಂದು ಫೋನು ತಾನೇ ವೈಫೈ ಹಾಟ್‌ಸ್ಪಾಟ್ ಆಗುತ್ತದೆ, ಇನ್ನೊಂದು ಅದಕ್ಕೆ ಸೇರಿಕೊಳ್ಳುತ್ತದೆ, ಡೇಟಾ ಖರ್ಚಿಲ್ಲದೆ ನೂರಾರು ಫೋಟೊ ದಾಟುತ್ತವೆ. ಮೂಲ ಫೈಲು ಇದ್ದ ಹಾಗೇ ಹೋಗುತ್ತಿತ್ತು ಎಂಬುದು ಇದರ ದೊಡ್ಡ ಗುಣ. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಚೀನೀ ಮೂಲದ ಆ್ಯಪ್‌ಗಳ ಪಟ್ಟಿಯಲ್ಲಿ ಇವೆರಡೂ ಇದ್ದವು. ಸುದ್ದಿಯಲ್ಲಿ ಟಿಕ್‌ಟಾಕ್ ಹೆಸರೇ ಕೇಳಿತು. ಆದರೆ ಊರಲ್ಲಿದ್ದ ನಮ್ಮ ಬಂಧುಗಳಿಗೆ ಅಂದು ಮುಚ್ಚಿದ್ದು ಫೋಟೊ ದಾಟಿಸುವ ಕಾಲುದಾರಿ.

ಉಳಿದದ್ದು ವಾಟ್ಸಾಪ್. 2009ರಲ್ಲಿ ಶುರುವಾದ ಅದು ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಓಡುತ್ತಿತ್ತು. ಊರು ಬಿಟ್ಟ ನಮ್ಮಂಥವರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ತಂಗಿಯ ಸೀಮಂತ, ಹೊಲದ ಜೋಳದ ತೆನೆ, ಅಜ್ಜಿಯ ತೊಂಬತ್ತನೇ ವರ್ಷ ಎಲ್ಲವೂ ಪುಣೆಯ ಲೋಕಲ್ ಟ್ರೇನಿನಲ್ಲಿ ನಿಂತಿರುವಾಗಲೇ ತಲುಪಿದವು. ನಿಧಾನದ ನೆಟ್‌ವರ್ಕಿನಲ್ಲೂ ತಲುಪಬೇಕೆಂದು ಅದು ಫೋಟೊಗಳನ್ನು ಕುಗ್ಗಿಸಿ ಕಳಿಸುತ್ತಿತ್ತು. ಆ ಕಾಲಕ್ಕೆ ಅದು ಸರಿಯಾದ ತೀರ್ಮಾನವೇ. ಆದರೆ ಅದರ ಸುಂಕ ಎಷ್ಟೆಂದು ಲೆಕ್ಕ ಹಾಕಿದವರು ಕಡಿಮೆ.

12 ಮೆಗಾಪಿಕ್ಸೆಲ್ ಫೋಟೊ ಎಂದರೆ 4032×3024. ಬಹುಕಾಲ ವಾಟ್ಸಾಪ್ ಅದರ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತಿತ್ತು. ಉಳಿಯುವುದು ಸುಮಾರು 19 ಲಕ್ಷ ಪಿಕ್ಸೆಲ್, ಅಂದರೆ ಆರರಲ್ಲಿ ಒಂದು ಪಾಲು. ಹೆಚ್ಚು ಸ್ಪಷ್ಟತೆಯ ‘ಎಚ್‌ಡಿ’ ಆಯ್ಕೆ ಬಂದದ್ದು 2023ರ ಆಗಸ್ಟಿನಲ್ಲಿ. ಅದಕ್ಕಿಂತ ದೊಡ್ಡ ನಷ್ಟ ಎಕ್ಸಿಫ್‌ದು. ಫೋಟೊದ ಬೆನ್ನಿಗೆ ಬರೆದ ದಿನ, ಜಾಗ ಎರಡನ್ನೂ ವಾಟ್ಸಾಪ್ ಅಳಿಸಿ ಕಳಿಸುತ್ತದೆ. ಅಪರಿಚಿತರ ಗುಂಪಿಗೆ ಕಳಿಸುವಾಗ ಮನೆಯ ವಿಳಾಸ ಹೋಗದಿರುವುದು ಒಳ್ಳೆಯದೇ. ಆದರೆ ತಾಯಿಗೆ ಮಗ ಕಳಿಸಿದರೂ ಅದೇ ಗತಿ. ಆಂಡ್ರಾಯ್ಡಿನಲ್ಲಿ ಬಂದಿಳಿದ ಫೋಟೊದ ಹೆಸರಿನಲ್ಲಿ ಒಂದು ದಿನಾಂಕ ಇರುತ್ತದೆ, ಪಕ್ಕದಲ್ಲಿ ‘ಡಬ್ಲ್ಯುಎ’ ಎಂಬ ಗುರುತು. ಅದು ವಾಟ್ಸಾಪ್‌ನಲ್ಲಿ ಸಾಗಿದ ದಿನ, ಫೋಟೊ ತೆಗೆದ ದಿನವಲ್ಲ.

ನಾಲ್ಕನೇ ದಾರಿ ಗೂಗಲ್ ಫೋಟೋಸ್. 2015ರ ಮೇ 28ರಂದು ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಟ್ಟಿಗೆ ಬಂತು. 16 ಮೆಗಾಪಿಕ್ಸೆಲ್‌ವರೆಗಿನ, ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗ. ಆರು ವರ್ಷದಲ್ಲಿ ನಮ್ಮ ಬದುಕೆಲ್ಲ ಅಲ್ಲಿ ತುಂಬಿತು. 2021ರ ಜೂನ್ 1ರಿಂದ ಆ ಉಚಿತ ನಿಂತಿತು. ಅಂದಿನಿಂದ ಸೇರುವುದೆಲ್ಲ ಇಮೇಲಿನ ಜೊತೆಗೇ ಇರುವ 15 ಜಿಬಿಯ ಲೆಕ್ಕಕ್ಕೆ. ಇಲ್ಲಿನ ಸುಂಕ ಬಾಡಿಗೆಯ ರೂಪದ್ದು.

ಏಳು ಫೋನು, 412 ಫೋಟೊ

ಸಾಫ್ಟ್‌ವೇರ್ ಕಂಪನಿಗಳಲ್ಲಿ ನಮ್ಮದೊಂದು ನಿತ್ಯದ ಕೆಲಸವಿದೆ. ಗ್ರಾಹಕರ ಮಾಹಿತಿಯನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸುವುದು. ಸಾಗಿಸಿದ ಮೇಲೆ ಮೂರು ಪ್ರಶ್ನೆ ಕೇಳದೆ ಯಾರೂ ಸಹಿ ಹಾಕುವುದಿಲ್ಲ: ಎಷ್ಟು ಹೊರಟಿತು, ಎಷ್ಟು ತಲುಪಿತು, ತಲುಪಿದ್ದು ಹೊರಟದ್ದೇ ಹೌದಾ? ಬ್ಯಾಂಕಿನ ಖಾತೆಗಳಿಗೆ ಇಷ್ಟು ಕಾಳಜಿ ಮಾಡುವ ನಾವು ಮನೆಯ ಫೋಟೊಗಳಿಗೆ ಎರಡನೇ ಪ್ರಶ್ನೆಯಲ್ಲೇ ನಿಂತುಬಿಡುತ್ತೇವೆ. ‘ಬಂತಾ?’ ‘ಬಂತು.’ ಮುಗಿಯಿತು.

ನಮ್ಮ ಅಪ್ಪ ತೀರಿಕೊಂಡ ವರ್ಷದ ತಿಥಿಗೆ ಒಂದು ಆಲ್ಬಂ ಮಾಡೋಣವೆಂದು ಮನೆಯವರ ಫೋನುಗಳಿಂದ ಅವರ ಫೋಟೊಗಳನ್ನೆಲ್ಲ ಒಟ್ಟು ಮಾಡಿದೆವು. ಏಳು ಫೋನು: ನಾಲ್ಕು ಆಂಡ್ರಾಯ್ಡ್, ಮೂರು ಐಫೋನ್. ಬಂದದ್ದು 412 ಫೋಟೊ. ಒಂದೇ ಚಿತ್ರ ಮೂರು ಮೂರು ಅಳತೆಯಲ್ಲಿ ಸಿಕ್ಕಿತು. ಅಂಥವನ್ನು ತೆಗೆದ ಮೇಲೆ ಉಳಿದದ್ದು 138. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ತೆಗೆದ ದಿನಾಂಕವೇ ಇಲ್ಲ. ಅಪ್ಪ ಉಳವಿ ಜಾತ್ರೆಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಗುತ್ತ ನಿಂತ ಚಿತ್ರವೊಂದಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿ, ‘ಇದು ಆಪರೇಷನ್ನಿನ ಮೊದಲಿಂದೋ, ಆಮ್ಯಾಲಿಂದೋ?’ ಎಂದು ಕೇಳಿದಳು. ಫೈಲಿನ ಹೆಸರಿನಲ್ಲಿ 2018ರ ಜೂನ್ ಎಂದಿತ್ತು. ಉಳವಿ ಜಾತ್ರೆ ಜೂನಿನಲ್ಲಿ ನಡೆಯುವುದಿಲ್ಲ. ಅದು ಯಾರೋ ಗುಂಪಿಗೆ ಹಾಕಿದ ದಿನ, ಅಷ್ಟೇ.

ಹುಬ್ಬಳ್ಳಿಯ ಕಾಕಾನ ಮಗನ ಟೇಬಲ್ ಡ್ರಾಯರಿನಲ್ಲಿ ಒಂದು ಸತ್ತ ಫೋನು ಬಿದ್ದಿತ್ತು. ಅದರಿಂದ ತೆಗೆದ 8 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡಿನ ಡಿಸಿಐಎಂ ಫೋಲ್ಡರಿನಲ್ಲಿ ಮೂಲ ಫೈಲು ಸಿಕ್ಕಿತು. 2014ರ ಫೆಬ್ರವರಿ, ಬೆಳಗಿನ ಹತ್ತೂವರೆ. ಆಪರೇಷನ್ ಆದದ್ದು 2016ರಲ್ಲಿ. ‘ಹಂಗಾರ ಆವಾಗ ಅವರಿಗೆ ಎದಿನೋವು ಇರಲಿಲ್ಲ, ಖರೇನ ನಕ್ಕಾರ’ ಎಂದಳು ಅವ್ವ. ಆ ಒಂದು ಮಾತು ಅವಳಿಗೆ ಸಿಕ್ಕಿದ್ದು 1995ರಲ್ಲಿ ಜಪಾನಿನ ಯಾವುದೋ ಸಮಿತಿ ಫೋಟೊದೊಳಗೆ ದಿನಾಂಕ ಬರೆಯಬೇಕೆಂದು ತೀರ್ಮಾನಿಸಿದ್ದರಿಂದ, ಮತ್ತು ಆ ಕಾರ್ಡಿನ ಪ್ರತಿ ಯಾವ ಬಳಸುದಾರಿಯಲ್ಲೂ ಹೋಗದೆ ಇದ್ದಲ್ಲೇ ಇದ್ದದ್ದರಿಂದ.

ಮತ್ತೆ ತೆರೆಯುತ್ತಿರುವ ಬಾಗಿಲು

2017ರಲ್ಲಿ ಫೋಟೊದ ಭಾಷೆಯಲ್ಲೂ ಒಂದು ಬಿರುಕು ಕಾಣಿಸಿತು. ಐಫೋನ್ ಜೆಪೆಗ್ ಬಿಟ್ಟು ‘ಹೆಯಿಕ್’ ಎಂಬ ಹೊಸ ರೂಪದಲ್ಲಿ ಫೋಟೊ ಉಳಿಸತೊಡಗಿತು. ಇದು ಆಪಲ್‌ನ ಸ್ವಂತದ್ದಲ್ಲ, ಎಂಪೆಗ್ ಸಮಿತಿಯ ಮಾನದಂಡವೇ. ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಆದರೆ ಆಂಡ್ರಾಯ್ಡ್ ಅದನ್ನು ಓದಲು ಕಲಿತದ್ದು ಮರುವರ್ಷದ 9ನೇ ಆವೃತ್ತಿಯಲ್ಲಿ. ನಡುವೆ, ಮತ್ತು ಹಳೆಯ ಫೋನುಗಳಲ್ಲಿ ಆಮೇಲೆಯೂ, ‘ಫೋಟೊ ಬಂದಿದೆ, ತೆರೆಯುತ್ತಿಲ್ಲ’ ಎಂಬ ದೂರು ಮನೆಮನೆಯಲ್ಲಿ ಕೇಳಿತು. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಅದು ಇಂದಿಗೂ ಜೆಪೆಗ್‌ನಲ್ಲೇ ತೆಗೆಯುತ್ತದೆ.

ಒಂದು ಫೋನು ಬಿಟ್ಟು ಇನ್ನೊಂದಕ್ಕೆ ಪೂರ್ತಿ ಹೋಗುವವರಿಗೆ ಮಾತ್ರ ಕಂಪನಿಗಳು ಬಹಳ ಬೇಗ ಸೇತುವೆ ಕಟ್ಟಿದವು. ಆಪಲ್ 2015ರಲ್ಲಿ ‘ಮೂವ್ ಟು ಐಒಎಸ್’ ಎಂಬ ಆಂಡ್ರಾಯ್ಡ್ ಆ್ಯಪ್ ತಂದಿತು. ಮರುವರ್ಷ ಗೂಗಲ್ ತನ್ನ ಪಿಕ್ಸೆಲ್ ಫೋನಿನ ಪೆಟ್ಟಿಗೆಯಲ್ಲೇ ಐಫೋನಿನಿಂದ ಎಲ್ಲವನ್ನೂ ಎಳೆದುಕೊಳ್ಳುವ ಪುಟ್ಟ ಅಡಾಪ್ಟರ್ ಇಟ್ಟು ಮಾರಿತು. ಗಮನಿಸಿ, ಎರಡೂ ಒಳಬರುವವರಿಗೆ ಹಾಕಿದ ಸೇತುವೆಗಳು. ಪಕ್ಕಪಕ್ಕ ಇದ್ದುಕೊಂಡೇ ಹಂಚಿಕೊಳ್ಳಬೇಕೆನ್ನುವ ಅಕ್ಕತಮ್ಮಂದಿರಿಗೆ ಸೇತುವೆ ಇರಲಿಲ್ಲ. ಆಪರೇಟಿಂಗ್ ಸಿಸ್ಟಂ ಬೇರೆ ಎಂಬುದೇ ಅಡ್ಡಿಯಾಗಿದ್ದರೆ ಈ ಸೇತುವೆಗಳೂ ಸಾಧ್ಯವಾಗುತ್ತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಒಂದು ಸಮಾವೇಶದಲ್ಲಿ ಒಬ್ಬರು, ತಾನು ಐಫೋನಿನಿಂದ ಕಳಿಸುವ ಕೆಲವು ವಿಡಿಯೊಗಳು ತನ್ನ ತಾಯಿಯ ಆಂಡ್ರಾಯ್ಡಿನಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದು ಆಪಲ್ ಮುಖ್ಯಸ್ಥ ಟಿಮ್ ಕುಕ್ ಅವರ ಮುಂದಿಟ್ಟರು. ತಾಯಿಗೂ ಒಂದು ಐಫೋನ್ ಕೊಡಿಸಿ ಎಂಬ ಅರ್ಥದ ಉತ್ತರ ಬಂತು. ಸಭೆ ನಕ್ಕಿತು. ಆ ಮಾತು ತಮಾಷೆಯದ್ದೇ ಇರಬಹುದು, ಆದರೆ ಗೋಡೆ ಯಾಕಿದೆ ಎಂಬುದನ್ನು ಅದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ನಂತರದ ಮೂರು ವರ್ಷದಲ್ಲಿ ಹಲವು ಕಡೆಯಿಂದ ಗೋಡೆ ಅಲುಗಿತು. ಯುರೋಪಿನ ಒಂದೇ ಬಗೆಯ ಚಾರ್ಜರ್ ಕಾನೂನಿನ ಬೆನ್ನಿಗೆ 2023ರ ಐಫೋನ್ 15ರಲ್ಲಿ ಯುಎಸ್‌ಬಿ-ಸಿ ಬಂತು. ಅಂದಿನಿಂದ ಆಂಡ್ರಾಯ್ಡಿನ ಕೇಬಲ್, ಪೆನ್‌ಡ್ರೈವ್ ಅದಕ್ಕೂ ಹೊಂದುತ್ತವೆ. 2024ರ ಜುಲೈಯಿಂದ ಗೂಗಲ್ ಫೋಟೋಸ್‌ನ ಸಂಗ್ರಹವನ್ನು ನೇರವಾಗಿ ಐಕ್ಲೌಡ್‌ಗೆ ಸಾಗಿಸಬಹುದು. ಅದರ ತಿರುಗುಮುಖದ ದಾರಿ 2021ರಲ್ಲೇ ತೆರೆದಿತ್ತು. 2024ರ ಸೆಪ್ಟೆಂಬರಿನಲ್ಲಿ ಐಫೋನಿನ ಮೆಸೇಜುಗಳಿಗೆ ಆರ್‌ಸಿಎಸ್ ಬಂದು, ಅದನ್ನು ಒದಗಿಸುವ ನೆಟ್‌ವರ್ಕುಗಳಲ್ಲಿ ಎಂಎಂಎಸ್‌ನ ಮಿತಿ ಹಿಂದೆ ಬಿತ್ತು. 2025ರ ಮಾರ್ಚಿನಲ್ಲಿ ಯುರೋಪಿಯನ್ ಆಯೋಗ, ಪಕ್ಕದ ಯಂತ್ರಕ್ಕೆ ವೈಫೈ ಮೂಲಕ ನೇರವಾಗಿ ಫೈಲು ಕಳಿಸುವಂಥ ಸೌಲಭ್ಯಗಳನ್ನು ಇತರ ಕಂಪನಿಗಳಿಗೂ ತೆರೆಯಬೇಕೆಂದು ಆಪಲ್‌ಗೆ ಹೇಳಿತು. ಆಪಲ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದೆ.

ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಒಂದು ಹೆಜ್ಜೆ ಮುಂದೆ ಹೋಯಿತು. ತನ್ನ ‘ಕ್ವಿಕ್ ಶೇರ್’ ಇನ್ನು ಮುಂದೆ ಏರ್‌ಡ್ರಾಪ್ ಜೊತೆಗೂ ಕೆಲಸ ಮಾಡುತ್ತದೆ ಎಂದು ಪ್ರಕಟಿಸಿತು. ಮೊದಲಿಗೆ ಪಿಕ್ಸೆಲ್ 10 ಸರಣಿಯ ಫೋನುಗಳಲ್ಲಿ, ಅದೂ ಆಪಲ್‌ನ ಸಹಕಾರವಿಲ್ಲದೆ. ಐಫೋನಿನವರು ಏರ್‌ಡ್ರಾಪನ್ನು ‘ಎಲ್ಲರಿಗೂ, ಹತ್ತು ನಿಮಿಷ’ ಎಂಬ ಸ್ಥಿತಿಗೆ ಇಟ್ಟರೆ ಸಾಕು, ಪಕ್ಕದ ಪಿಕ್ಸೆಲ್‌ನಿಂದ ಮೂಲ ಫೋಟೊ ನೇರವಾಗಿ ಬರುತ್ತದೆ. ಬ್ಲೂಟೂತ್‌ನಲ್ಲಿ 2005ರಲ್ಲಿ ನಾವು ಯೋಚಿಸದೆ ಮಾಡುತ್ತಿದ್ದುದು ಇಪ್ಪತ್ತು ವರ್ಷದ ನಂತರ ಹೊಸ ಸೌಲಭ್ಯವೆಂದು ಸುದ್ದಿಯಾಯಿತು.

ನಾವು ಮಾಡಬಹುದಾದ್ದು

ಈ ಚರಿತ್ರೆಯಲ್ಲಿ ಉಳಿದುಕೊಂಡದ್ದು ಯಾವುದು ಎಂದು ನೋಡಿದರೆ, ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ್ದು. ಜೆಪೆಗ್, ಎಕ್ಸಿಫ್, ಡಿಸಿಐಎಂ ಇವತ್ತಿಗೂ ಇವೆ. ಬಂಪ್ ಇಲ್ಲ, ಬೀಮ್ ಇಲ್ಲ, ಶೇರ್‌ಇಟ್ ನಮ್ಮ ದೇಶದಲ್ಲಿ ನಿಷೇಧಕ್ಕೆ ಸಿಕ್ಕಿತು, ಮಿತಿಯಿಲ್ಲದ ಉಚಿತ ಜಾಗವೂ ಹೋಯಿತು. ಹಾಗಾಗಿ ಮನೆಯ ಫೋಟೊಗಳ ಮಟ್ಟಿಗೆ ಯಾವ ಆ್ಯಪ್ ಒಳ್ಳೆಯದು ಎಂಬುದಕ್ಕಿಂತ, ಮೂಲ ಫೈಲು ಎಲ್ಲಿದೆ ಎಂಬ ಪ್ರಶ್ನೆಯೇ ಮುಖ್ಯ. ಒಂದು ಹಾರ್ಡ್‌ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಊರಿನ ಇನ್ನೊಂದು ಡಿಸ್ಕಿನಲ್ಲಿ, ಡಿಸಿಐಎಂ ಫೋಲ್ಡರನ್ನು ಇದ್ದ ಹಾಗೇ ಎತ್ತಿ ಹಾಕಿ. ಹೊರಟದ್ದೆಷ್ಟು, ತಲುಪಿದ್ದೆಷ್ಟು ಎಂದು ಎಣಿಸಿ. ನಾಲ್ಕಾರು ಫೋಟೊ ತೆರೆದು ದಿನಾಂಕ ಉಳಿದಿದೆಯೇ ನೋಡಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾಗಿ ಬಂದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಲಗತ್ತಿಸಿ. ಆಗ ಫೈಲು ಕುಗ್ಗದೆ, ದಿನಾಂಕದ ಸಮೇತ ಹೋಗುತ್ತದೆ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಅಟ್ಟದ ಮೇಲೆ, ಟಿವಿ ಸ್ಟ್ಯಾಂಡಿನ ಕೆಳಗೆ, ದೇವರ ಮನೆಯ ಡಬ್ಬಿಯಲ್ಲಿ ಬಿದ್ದಿರುವ ಹಳೆಯ ಫೋನುಗಳನ್ನು ಹುಡುಕಿ, ಅವುಗಳ ಕಾರ್ಡ್ ತೆಗೆಯಿರಿ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದ ಇಂಥ ಕಾರ್ಡುಗಳು ತಮ್ಮಲ್ಲಿರುವುದನ್ನು ನಿಧಾನವಾಗಿ ಮರೆಯುತ್ತವೆ. ಈ ಕೆಲಸಕ್ಕೆ ಯಾವ ಕಂಪನಿಯ ಒಪ್ಪಿಗೆಯೂ ಬೇಡ. ಒಂದು ಕಾರ್ಡ್ ರೀಡರ್ ಸಾಕು, ಮತ್ತು ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಅದು ಇನ್ನೂ ಸಿಗುತ್ತದೆ.